ಕುಣಿಮಗ್ಗದ ಕೋಣೆಯ ತಂಪು

ರಬಕವಿಗೆ ಬಂದ ಮರುದಿನ ಮಧ್ಯಾಹ್ನ, ಊರಿನಲ್ಲಿ ಯಾರೋ ದೊಡ್ಡವರು ತೀರಿಕೊಂಡಿರಬೇಕು ಎಂದುಕೊಂಡೆ ನಾನು. ಓಣಿಯ ಎರಡೂ ಬದಿಯ ಮನೆಗಳ ಬಾಗಿಲು ಮುಚ್ಚಿತ್ತು, ಕಿಟಕಿ ಮುಚ್ಚಿತ್ತು. ಬೀದಿಯಲ್ಲಿ ಒಂದು ನಾಯಿ ಕೂಡ ಇಲ್ಲ. ಎಲ್ಲಿಂದಲೋ ಪವರ್‌ಲೂಮುಗಳ ಖಟಖಟ ಕೇಳುತ್ತಿತ್ತು, ಅಷ್ಟೇ. ಪಾಪ, ಈ ಜನ ಇಂಥ ಸೆಖೆಯಲ್ಲಿ ಕಿಟಕಿ ಹಾಕಿಕೊಂಡು ಹೇಗೆ ಬದುಕುತ್ತಾರೋ ಎಂದು ಮರುಕಪಟ್ಟು, ನಮ್ಮ ಬಾಡಿಗೆ ಮನೆಯ ಕಿಟಕಿಗಳನ್ನೆಲ್ಲ ದಡದಡ ತೆರೆದಿಟ್ಟೆ. ಮೂಲ್ಕಿಯಲ್ಲಿ ಏಪ್ರಿಲ್ ಮಧ್ಯಾಹ್ನ ನಾವು ಮಾಡುವುದು ಅದನ್ನೇ ತಾನೆ? ಸಮುದ್ರದ ಕಡೆಯ ಕಿಟಕಿ ತೆರೆದರೆ ಆಯಿತು, ಗಾಳಿ ತಾನೇ ಬರುತ್ತದೆ.

ಇಲ್ಲಿಯೂ ಗಾಳಿ ಬಂತು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಹಾಗೆ. ಆದರೆ ಹಬೆಯಿಲ್ಲದ ಒಣ ಬಿಸಿ. ತುಟಿ ಒಡೆಯಿತು, ಕಣ್ಣು ಉರಿಯಿತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಮನೆಯೊಡತಿ ಮಲ್ಲವ್ವ ಸೆರಗನ್ನು ತಲೆಗೆ ಹೊದ್ದು ನಿಂತಿದ್ದರು.

"ಅಕ್ಕಾರ, ಏನ್ ಮಾಡಾಕತ್ತೀರಿ? ಬಿಸಿಗಾಳಿ ಒಳಗ ಕರದು ಊಟಕ್ಕ ಕುಂದರಸ್ತೀರೇನು? ಹಾಕ್ರಿ ಮೊದಲ ಕಿಟಕಿ!"

ಹಾಗೆ ಈ ಊರು ನನಗೆ ಮೊದಲ ಪಾಠ ಹೇಳಿತು. ನಮ್ಮಲ್ಲಿ ಗಾಳಿ ಎಂದರೆ ಹಿತ, ಇಲ್ಲಿ ಬೇಸಿಗೆಯ ಹಗಲಿನಲ್ಲಿ ಗಾಳಿಯೇ ವೈರಿ. ಬೆಳಗಿನ ತಂಪನ್ನು ಮನೆಯೊಳಗೆ ತುಂಬಿಕೊಂಡು, ಬಿಸಿಲು ಏರುವ ಮೊದಲೇ ಎಲ್ಲ ಮುಚ್ಚಿ, ಸಂಜೆ ಮತ್ತೆ ತೆರೆಯಬೇಕು. ಇದು ಇಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ನನಗೆ ಪೂರ್ತಿ ರೂಢಿಯಾಗಲು ಎರಡು ಬೇಸಿಗೆ ಹಿಡಿಯಿತು ಎಂದರೆ ನೀವು ನಗುತ್ತೀರಿ, ನಗಿ.

ನಾವು ಬಂದದ್ದು ಹೋಟೆಲಿಗಾಗಿ. ನಮ್ಮವರ ಸೋದರಮಾವ ಇಲ್ಲಿ ಬಹಳ ಕಾಲದಿಂದ ನಡೆಸುತ್ತಿದ್ದ ಸಣ್ಣ ಹೋಟೆಲನ್ನು ನಾವು ವಹಿಸಿಕೊಂಡೆವು. ಗಲ್ಲಾ, ಒಲೆ ಎರಡೂ ನಮ್ಮವರದ್ದು. ಮನೆಯಲ್ಲಿ ಅಕ್ಕಿ, ಉದ್ದು ನೆನೆಸಿ ರುಬ್ಬಿ ಹಿಟ್ಟು ಕಳಿಸುವುದು ನನ್ನ ಪಾಲು. ಮಗಳು ಮಾನ್ಯಳನ್ನು ಮೂಲ್ಕಿಯಲ್ಲಿ ಅಮ್ಮನ ಹತ್ತಿರ ಬಿಟ್ಟು ಬಂದಿದ್ದೆವು. ಅಲ್ಲಿ ನನ್ನ ಅಣ್ಣ, ಅತ್ತಿಗೆ, ಅವರ ಮಕ್ಕಳು ಎಲ್ಲ ಇರುವ ತುಂಬಿದ ಮನೆ. ನಾವು ನೆಲೆ ನಿಂತ ಮೇಲೆ ಕರೆಸಿಕೊಳ್ಳುವುದು ಎಂದು ಮಾತಾಗಿತ್ತು.

ಕಳೆದ ಏಪ್ರಿಲ್‌ನಲ್ಲಿ ಕರೆಸಿಕೊಂಡೆ. ಬಂದ ವಾರದಲ್ಲೇ ಮಗುವಿಗೆ ಮೂಗಿನಿಂದ ರಕ್ತ ಸುರಿಯತೊಡಗಿತು. ಡಾಕ್ಟರು ಹೆದರಬೇಡಿ, ಒಣ ಹವೆಗೆ ಹೀಗಾಗುತ್ತದೆ, ತಂಪಾಗಿ ಇಡಿ ಎಂದರು. ತಂಪಾಗಿ ಇಡಲು ನಮ್ಮ ಹತ್ತಿರ ಏನಿತ್ತು? ಸ್ಲ್ಯಾಬ್ ಹಾಕಿದ ಎರಡು ಕೋಣೆ, ಬಿಸಿಗಾಳಿ ತಿರುಗಿಸುವ ಫ್ಯಾನು. ವಿಡಿಯೋ ಕಾಲ್‌ನಲ್ಲಿ ಮಗುವಿನ ಅಂಗಿಯ ಮೇಲಿನ ರಕ್ತ ಕಂಡ ಅಮ್ಮ ಮರುದಿನದ ಬಸ್ಸಿಗೆ ಹೊರಟು ಬಂದು ಕರೆದುಕೊಂಡು ಹೋದರು.

ಈ ವರ್ಷ ಮಗುವಿಗೆ ಒಂದನೇ ಕ್ಲಾಸು. ಇಲ್ಲಿಯೋ ಅಲ್ಲಿಯೋ ತೀರ್ಮಾನ ಆಗಲೇಬೇಕಿತ್ತು. ಮಾರ್ಚ್‌ನಲ್ಲಿ ಅಮ್ಮ ಮಾನ್ಯಳನ್ನು ಕಳಿಸಿಕೊಟ್ಟರು, ಒಂದು ಷರತ್ತಿನ ಜೊತೆಗೆ.

"ಮೇ ತಿಂಗಳಲ್ಲಿ ನಾನೇ ಬಂದು ಇದ್ದು ನೋಡ್ತೇನೆ. ಮತ್ತೆ ಮೂಗಿನಲ್ಲಿ ರಕ್ತ ಕಂಡ್ರೆ ಮಗು ಮೂಲ್ಕಿಗೆ. ಆಮೇಲೆ ನಂಗೆ ಎಂತ ಹೇಳ್ಬೇಡ."

ಅಮ್ಮ ಹೇಳಿದ್ದರಲ್ಲಿ ತಪ್ಪು ಹುಡುಕಲು ಆಗಲಿಲ್ಲ. ಎ.ಸಿ. ಹಾಕಿಸುವ ಮಾತು ನಮ್ಮಂಥವರಿಗೆ ದೂರ. ಸರಿ, ಕೈಗೆ ಸಿಗುವುದರಲ್ಲೇ ಈ ಮನೆಯನ್ನು ತಣ್ಣಗೆ ಮಾಡಿಯೇ ಸಿದ್ಧ ಎಂದು ಸೊಂಟಕ್ಕೆ ಸೆರಗು ಸಿಕ್ಕಿಸಿದೆ.

ಮೊದಲು ಮಾಳಿಗೆಗೆ, ಎಂದರೆ ಸ್ಲ್ಯಾಬಿನ ಮೇಲ್ಭಾಗಕ್ಕೆ, ಸುಣ್ಣ. ಬಿಳಿ ಬಣ್ಣ ಬಿಸಿಲನ್ನು ವಾಪಸು ಕಳಿಸುತ್ತದೆ ಎಂದು ಕೇಳಿದ್ದೆ. ಬರೀ ಸುಣ್ಣ ಕಲಸಿ ಬಳಿದೆ. ಮೂರನೆಯ ದಿನ ಕೈಯಿಟ್ಟರೆ ಪುಡಿಪುಡಿಯಾಗಿ ಎದ್ದು ಬಂತು. ಮನೆಯೊಡೆಯ ಈರಪ್ಪ ಮೇಲೆ ಬಂದು ನೋಡಿ ನಕ್ಕರು. ಅವರು ಹಳೆಯ ಕೈಮಗ್ಗದ ನೇಕಾರರು. ಈಗ ಮೊಣಕಾಲು ನೋವೆಂದು ಮಗ್ಗ ಬಿಟ್ಟಿದ್ದಾರೆ, ಮಕ್ಕಳು ಬನಹಟ್ಟಿ ರಸ್ತೆಯಲ್ಲಿ ಪವರ್‌ಲೂಮ್ ನಡೆಸುತ್ತಾರೆ. ಅಷ್ಟು ಹೊತ್ತಿಗೆ ನಾನು ಅವರನ್ನು ಕಾಕಾ, ಮಲ್ಲವ್ವನನ್ನು ಕಾಕು ಎಂದು ಕರೆಯತೊಡಗಿದ್ದೆ. ನಮ್ಮ ಚಿಕ್ಕಪ್ಪ, ಚಿಕ್ಕಮ್ಮ ಇಲ್ಲಿ ಕಾಕಾ, ಕಾಕು.

"ಗಂಜಿ ಹಾಕ್ಬೇಕವಾ ತಂಗಿ, ಗಂಜಿ! ಬರೇ ಸುಣ್ಣ ನಿಂತೀತೇನು?"

ಗಂಜಿ ಎಂದೊಡನೆ ನನ್ನ ಹೊಟ್ಟೆಯಲ್ಲಿ ಮೂಲ್ಕಿ ಎದ್ದು ಕೂತಿತು. ನಮಗೆ ಗಂಜಿ ಎಂದರೆ ಕುಚ್ಚಲಕ್ಕಿಯದ್ದು, ಪಕ್ಕದಲ್ಲಿ ಉಪ್ಪಿನಕಾಯಿ. ಇಲ್ಲಿ ಗಂಜಿ ಕುಡಿಯುವುದು ನೂಲು. ಎಳೆ ಗಟ್ಟಿಯಾಗಲೆಂದು ನೇಕಾರರು ಮಗ್ಗದ ಉದ್ದಕ್ಕೆ ಬಿಗಿಯುವ ಹಾಸಿನ ನೂಲಿಗೆ ಗಂಜಿ ಸವರುತ್ತಾರೆ. ಅದೇ ಗಂಜಿಯನ್ನು ತೆಳ್ಳಗೆ ಮಾಡಿ ಸುಣ್ಣಕ್ಕೆ ಬೆರೆಸಿದೆವು. ಹಚ್ಚಿದ ಮೇಲೆ ಸುಣ್ಣ ಕಚ್ಚಿ ಕೂತಿತು. ಹೋಟೆಲಿನಲ್ಲಿ ಅನ್ನ ಬಸಿದ ನೀರು ದಿನಾ ಚೆಲ್ಲಿ ಹೋಗುತ್ತಿತ್ತು, ಎರಡನೆಯ ಕೈಗೆ ಅದನ್ನೇ ತರಿಸಿದೆ.

ಆಮೇಲೆ ರವದಿ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ ಇಲ್ಲಿ ರವದಿ ಎನ್ನುತ್ತಾರೆ. ಜಮಖಂಡಿ, ಮುಧೋಳ ಎತ್ತ ಹೋದರೂ ಕಬ್ಬೇ ಕಬ್ಬು, ರವದಿಗೇನು ಬರ? ನಮ್ಮಲ್ಲಿ ಚಪ್ಪರಕ್ಕೆ ತೆಂಗಿನ ಮಡಲು ಹಾಕುವ ಹಾಗೆ ಮಾಳಿಗೆಯ ಮೇಲೆ ರವದಿ ಹರಡಿದರೆ ನೆರಳಾಗುತ್ತದೆ ಎಂದು ಕಾಕಾನ ಮಗ ಒಂದು ಹೊರೆ ತಂದು ಹಾಕಿದ. ನಾನು ಅಕ್ಕರೆಯಿಂದ ಹರಡಿದೆ. ಸಂಜೆ ಎದ್ದ ಗಾಳಿ ಅದನ್ನು ಅಷ್ಟೇ ಅಕ್ಕರೆಯಿಂದ ಇಡೀ ಓಣಿಗೆ ಹಂಚಿತು. ಮರುದಿನ ಪೊರಕೆ ಹಿಡಿದು ಬೀದಿ ಗುಡಿಸುವಾಗ ಎದುರು ಮನೆಯಾಕೆ, "ಏನ್ರೀ, ಕಬ್ಬಿನ ಫ್ಯಾಕ್ಟರಿ ಹಾಕೀರೇನು?" ಎಂದು ಕೇಳಿದಳು. ಕಿವಿ ಕೇಳಿಸದವಳ ಹಾಗೆ ಗುಡಿಸಿದೆ.

ಮೂರನೆಯದು ನನ್ನ ಘನಕಾರ್ಯ. ಕಾಕು ಹಳೆಯ ಕೌದಿಯೊಂದನ್ನು ಕೊಟ್ಟು, ಹಸಿ ಮಾಡಿ ಕಿಟಕಿಗೆ ಕಟ್ಟು ಎಂದರು. ಕೌದಿ ಎಂದರೆ ಹಳೆ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದ ದಪ್ಪ ಹೊದಿಕೆ. ಒಮ್ಮೆ ನೀರು ಕುಡಿಸಿದರೆ ಬಹಳ ಹೊತ್ತು ತೇವ ಹಿಡಿದಿರುತ್ತದೆ. ಈ ಊರಿನ ಹವೆ ಎಷ್ಟು ಒಣ ಎಂದರೆ, ಬಟ್ಟೆ ಒಣಹಾಕಲು ಹೋದರೆ ಕೊನೆಯ ಸೀರೆ ಹಿಂಡುವಷ್ಟರಲ್ಲಿ ಮೊದಲಿನದು ಮಡಚಿಡುವ ಹಾಗಿರುತ್ತದೆ. ಅದಕ್ಕೇ ಒದ್ದೆ ಬಟ್ಟೆ ಇಲ್ಲಿ ಕೆಲಸ ಮಾಡುತ್ತದೆ. ಆದರೆ ಒಂದು ಕೌದಿಯಿಂದ ಇಷ್ಟು ತಂಪಾದರೆ ಎಲ್ಲ ಕಡೆ ಕಟ್ಟಿದರೆ ಎಷ್ಟಾಗಬೇಕು ಎಂದು ನನ್ನ ಕರಾವಳಿಯ ಬುದ್ಧಿ ಲೆಕ್ಕ ಹಾಕಿತು. ಕಿಟಕಿ, ಬಾಗಿಲು, ಮೇಲಿನ ಬೆಳಕಿಂಡಿ ಎಲ್ಲದಕ್ಕೂ ಒದ್ದೆ ಬಟ್ಟೆ, ಒದ್ದೆ ಗೋಣಿ. ನೆಲಕ್ಕೆ ಕೊಡಗಟ್ಟಲೆ ನೀರು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಅಂಟಂಟು, ಬೆವರು ಆರುತ್ತಿಲ್ಲ, ಉಸಿರು ಕಟ್ಟುತ್ತಿದೆ. ಊಟಕ್ಕೆ ಬಂದ ನಮ್ಮವರು ಬಾಗಿಲಲ್ಲೇ ನಿಂತು, "ಎಂತ ಮಾರಾಯ್ತಿ, ಇಲ್ಲೊಂದು ಮೂಲ್ಕಿ ಮಾಡಿಟ್ಟಿದ್ದೀಯಲ್ಲ!" ಎಂದರು.

ಒದ್ದೆ ಗಾಳಿ ಹೊರಗೆ ಹೋಗಲು ದಾರಿ ಬೇಕಂತೆ. ಒಂದು ಕಿಟಕಿಗೆ ಮಾತ್ರ ಕೌದಿ ಕಟ್ಟಿ, ಎದುರಿನ ಬೆಳಕಿಂಡಿ ತೆರೆದಿಟ್ಟ ಮೇಲೆ ಕೋಣೆ ದಾರಿಗೆ ಬಂತು. ಆದರೂ ನಡುಮಧ್ಯಾಹ್ನ ಸ್ಲ್ಯಾಬಿನ ಕಾವು ತಲೆಯ ಮೇಲೆಯೇ ಇರುತ್ತಿತ್ತು. ಮಗು ಮೂಗು ಉಜ್ಜಿಕೊಂಡಾಗಲೆಲ್ಲ ಓಡಿ ಹೋಗಿ ಅವಳ ಬೆರಳು ನೋಡುತ್ತಿದ್ದೆ.

ದಾರಿ ತೋರಿಸಿದ್ದು ಇಡ್ಲಿ ಹಿಟ್ಟು. ಇಲ್ಲಿಯ ಕಾವಿಗೆ ಅದು ನೋಡನೋಡುತ್ತ ಉಕ್ಕಿ ಹುಳಿಯಾಗುತ್ತಿತ್ತು. ಗಿರಾಕಿಗಳು ಮುಖ ಹುಳಿ ಮಾಡಿದರು, ನಮ್ಮವರು ನನ್ನ ಮೇಲೆ ಸಿಡುಕಿದರು. ಕಾಕುವಿಗೆ ಹೇಳಿಕೊಂಡೆ. ಅವರು ನನ್ನನ್ನು ಹಿತ್ತಲಿಗೆ ಕರೆದೊಯ್ದು ಒಂದು ಕೋಣೆಯ ಬೀಗ ತೆಗೆದರು. ಹಳೆಯ ಮನೆಯಲ್ಲಿ ಉಳಿದಿರುವುದು ಅದೊಂದೇ ಕೋಣೆ. ಕಲ್ಲಿನ ದಪ್ಪ ಗೋಡೆ, ತೊಲೆಗಳ ಮೇಲೆ ಮಣ್ಣು ಮೆತ್ತಿದ ಛಾವಣಿ, ಸಗಣಿ ಸಾರಿಸಿದ ನೆಲ. ನಡುವೆ ಕುಣಿಮಗ್ಗ. ನೇಕಾರ ನೆಲದ ಮೇಲೆ ಕೂತು ಕಾಲನ್ನು ನೆಲದಲ್ಲಿ ತೋಡಿದ ಒಂದು ಕುಣಿಯೊಳಗೆ ಇಳಿಬಿಟ್ಟು ನೇಯುವ ಮಗ್ಗ ಅದು. ಒಳಗೆ ಕಾಲಿಟ್ಟೆ ನೋಡಿ, ಬಾವಿಯ ಕಟ್ಟೆಗೆ ಕೆನ್ನೆ ಒತ್ತಿದ ಹಾಗಾಯಿತು. ಬಿಸಿಗೆ ನೂಲು ಒಣಗಿದರೆ ಎಳೆ ಹರಿಯುತ್ತದಂತೆ, ಅದಕ್ಕೇ ಹಿಂದಿನವರು ಮಗ್ಗದ ಕೋಣೆಯನ್ನು ಹೀಗೆ ತಂಪಾಗಿ ಕಟ್ಟುತ್ತಿದ್ದರಂತೆ. ನಾನು ಹಿಟ್ಟಿನ ಪಾತ್ರೆಯನ್ನು ಕುಣಿಗೆ ಇಳಿಸಹೋದೆ.

"ಅಯ್ಯ, ಅದು ಕಾಲಿಡೋ ಜಾಗಾ! ತಿನ್ನೋದು ಅಲ್ಲಿಡತಾರೇನ? ಈ ಮೂಲ್ಯಾಗ ಉಸುಕು ಹಸಿ ಮಾಡಿ ಇಡು" ಎಂದರು ಕಾಕು.

ಹಿಟ್ಟು ಬದುಕಿತು. ಹಿಟ್ಟಿಗೆ ಆಗುವ ತಂಪು ನನ್ನ ಮಗುವಿಗೆ ಯಾಕಾಗಬಾರದು? ಸಂಜೆ ಕಾಕಾನನ್ನು ಕೇಳಿದೆ, ಹಗಲು ಹೊತ್ತು ಮಾನ್ಯ ಆ ಕೋಣೆಯಲ್ಲಿ ಮಲಗಲಿ ಎಂದು. ಕಾಕಾನ ಮುಖ ಕೆಂಪಾಯಿತು.

"ಏನ್ ಮಾತಾಡತೀವಾ? ಸ್ಲ್ಯಾಬಿನ ಮನಿ ಕೊಟ್ಟೇನಿ ನಿಮಗ. ಬಾಡಗಿದವರನ್ನ ಮಣ್ಣಿನ ಕ್ವಾಣ್ಯಾಗ ಮಲಗಸ್ಯಾನ ಈರಪ್ಪ ಅಂತ ಮಂದಿ ನಗಬೇಕೇನು?"

ಕಾಕಾನ ಅಭಿಮಾನ ಅಂಥದ್ದು. ಓಣಿಯಲ್ಲಿ ಮೊದಲು ಹಳೆ ಮನೆ ಕೆಡವಿ ಸ್ಲ್ಯಾಬ್ ಹಾಕಿಸಿದವರು ಅವರೇ. ಉಳಿದವರಿಗೂ ಹಾಕಿಸಿ ಹಾಕಿಸಿ ಎಂದು ಹುರಿದುಂಬಿಸಿದ್ದರು. ನಾನು ಆ ಮಾತನ್ನು ಅಲ್ಲಿಗೇ ಬಿಟ್ಟೆ. ಆದರೆ ಒಂದು ಮಧ್ಯಾಹ್ನ ಹಿಟ್ಟು ನೋಡಲೆಂದು ಬಾಗಿಲು ತಳ್ಳಿದರೆ, ಮಗ್ಗದ ಪಕ್ಕದಲ್ಲಿ ಚಾಪೆ ಹಾಸಿ, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು ಗೊರಕೆ ಹೊಡೆಯುತ್ತಿರುವವರು ಯಾರು? ನಮ್ಮ ಸ್ಲ್ಯಾಬಿನ ಸಾಹುಕಾರ ಕಾಕಾ! ನನ್ನ ನಗೆಗೆ ಎಚ್ಚರಗೊಂಡು ಎದ್ದು ಕೂತರು.

"ಮೊಣಕಾಲ ನೋವಿಗೆ ತಂಪ ಹಿಡಸ್ಲಿಕ್ಕೆ ಬಂದಿದ್ದೆ."

"ಹೌದು ಕಾಕಾ. ಮಾನ್ಯಳಿಗೂ ಮೊಣಕಾಲು ಸ್ವಲ್ಪ ನೋವಂತೆ."

ಮುದುಕ ತುಟಿ ಬಿಗಿ ಹಿಡಿಯಲು ನೋಡಿದರು, ಆಗಲಿಲ್ಲ, ನಕ್ಕುಬಿಟ್ಟರು. "ಬರಲಿ ಬಿಡು ಕೂಸು. ಯಾರ ಮುಂದೂ ಹೇಳಬ್ಯಾಡ" ಎಂದರು. ಆ ದಿನದಿಂದ ಮಧ್ಯಾಹ್ನದ ಹೊತ್ತು ಕಾಕಾ ಮತ್ತು ಮಾನ್ಯ ಕುಣಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ಹುರಿದ ಶೇಂಗಾ ತಿನ್ನುವುದು ರೂಢಿಯಾಯಿತು. ಏಪ್ರಿಲ್ ಕಳೆಯಿತು. ಮಗುವಿನ ಮೂಗು ಒಣಗಿದ್ದಿಲ್ಲ, ರಕ್ತ ಬಂದದ್ದಿಲ್ಲ. ನಾನು ಒಳಗೊಳಗೇ ಬೀಗುತ್ತಿದ್ದೆ.

ಮೇ ತಿಂಗಳಲ್ಲಿ ಅಮ್ಮ ಬಂದರು. ಚೀಲದ ತುಂಬ ಹಲಸಿನ ಹಪ್ಪಳ, ಕುಚ್ಚಲಕ್ಕಿ, ಕುಡಿಯುವ ನೀರಿಗೆ ಹಾಕುವ ಲಾವಂಚದ ಬೇರು. ಕಾಕಾ ಹೊಸ ಧೋತರ ಉಟ್ಟು ಬಂದು ಮಾತಾಡಿಸಿದರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, "ತವರಮನಿಯವರು ಬಂದಾರ. ಮಣ್ಣಿನ ಕ್ವಾಣಿ ತೋರಿಸಿ ನನ್ನ ಮಾನ ಕಳೀಬ್ಯಾಡ. ಅವರು ಇರೋತನಕ ಮುಂದಿನ ಮನ್ಯಾಗ ಇರ್ರಿ" ಎಂದು ಕೈ ಹಿಡಿದು ಕೇಳಿಕೊಂಡರು. ಇಷ್ಟು ಉಪಕಾರ ಮಾಡಿದ ಮನುಷ್ಯನಿಗೆ ಇಲ್ಲ ಎನ್ನಲು ಆಗುತ್ತದೆಯೇ? ಹೂಂ ಅಂದೆ. ಇಡೀ ವರ್ಷದಲ್ಲಿ ನಾನು ಅಂದ ಅತಿ ದಡ್ಡ ಹೂಂ ಅದು.

ಮೊದಲ ದಿನಗಳು ಕೌದಿ, ಸುಣ್ಣದ ಬಲದಿಂದ ಹೇಗೋ ಕಳೆದವು. ಆಮೇಲೆ ಒಂದು ಮಧ್ಯಾಹ್ನ ನಾನು ಹೋಟೆಲಿಗೆ ಹಿಟ್ಟು ಕೊಟ್ಟು ಬರುವಷ್ಟರಲ್ಲಿ, ಅಮ್ಮ ಮನೆಯ ಅಷ್ಟೂ ಕಿಟಕಿ ತೆರೆದು, ಕೌದಿ ಬಿಚ್ಚಿ ಮಡಚಿಟ್ಟು, ಮೊಮ್ಮಗಳನ್ನು ಕಿಟಕಿಯ ಬುಡದಲ್ಲಿ ಮಲಗಿಸಿದ್ದರು. ಮಗುವಿನ ಮುಖ ಕೆಂಡ. ತಲೆದಿಂಬಿನ ಮೇಲೆ ಕೆಂಪು ಕಲೆ.

"ಯಾರು ಕಿಟಕಿ ತೆಗೆದದ್ದು?" ಎಂದು ಕಿರುಚಿದೆ.

"ನಾನೇ. ಗಾಳಿ ಬೇಡ್ವಾ ಮಗುವಿಗೆ? ಗೂಡಿನ ಹಾಗೆ ಮುಚ್ಚಿ ಇಟ್ಟಿದ್ದೀಯಲ್ಲ!" ಎಂದು ಅಮ್ಮನೂ ಕಿರುಚಿದರು. ಹಾಗೆನ್ನುತ್ತಲೇ ಒದ್ದೆ ಬಟ್ಟೆಯಿಂದ ಮಗುವಿನ ಮೂಗು ಒತ್ತಿ ಹಿಡಿದರು. "ನಾನು ಹೇಳಿದ್ದೆ ಅಲ್ವಾ? ಈ ಊರು ನಮಗಲ್ಲ. ಅವಳ ಬಟ್ಟೆ ಕಟ್ಟು."

ನಾನು ಅಳುತ್ತ ನಿಂತಿದ್ದೆ. ತಪ್ಪು ಕಿಟಕಿಯದ್ದು ಎಂದು ಹೇಳಿದರೆ ಯಾರು ಕೇಳುತ್ತಾರೆ? ಗಲಾಟೆ ಕೇಳಿ ಕಾಕಾ, ಕಾಕು ಓಡಿ ಬಂದರು. ಕಾಕಾ ತಲೆದಿಂಬು ನೋಡಿದರು, ನನ್ನ ಮುಖ ನೋಡಿದರು. ಸೊಂಟದಿಂದ ಬೀಗದಕೈ ಕಿತ್ತು ಕಾಕುವಿನ ಕೈಗಿಟ್ಟರು.

"ಮಾನ ಹೋದ್ರ ಹೋಗಲಿ ಬಿಡು. ತಗಿ ಮಗ್ಗದ ಕ್ವಾಣಿ. ಕೂಸು ಮೊದಲ."

ಕಾಕು ಮಾನ್ಯಳನ್ನು ಎತ್ತಿಕೊಂಡರು. ಅಮ್ಮ ಬೈಯುತ್ತ ಹಿಂದೆ ನಡೆದವರು ಕೋಣೆಯ ಹೊಸ್ತಿಲು ದಾಟಿದೊಡನೆ ಸುಮ್ಮನಾದರು. ಗೋಡೆ ಮುಟ್ಟಿ ನೋಡಿದರು, ನೆಲ ಮುಟ್ಟಿ ನೋಡಿದರು. ಮಗು ಅಭ್ಯಾಸದಂತೆ ಕುಣಿಯ ಅಂಚಿಗೆ ಹೋಗಿ ಕಾಲು ಇಳಿಬಿಟ್ಟು ಕೂತಿತು. ರಕ್ತ ಆಗಲೇ ನಿಂತಿತ್ತು.

"ಅಜ್ಜೀ, ಇಲ್ಲಿ ಕಾಲ ಬಿಡು. ತಣ್ಣಗ ಆಕ್ಕತಿ."

ಅಮ್ಮ ಸೀರೆ ಎತ್ತಿಕೊಂಡು ಮೊಮ್ಮಗಳ ಪಕ್ಕ ಕೂತರು. ಆಮೇಲೆ ಕಾಕಾನ ಕಡೆ ತಿರುಗಿ, "ಇಷ್ಟು ಒಳ್ಳೆ ಕೋಣೆ ಇಟ್ಕೊಂಡು ನಮ್ಮನ್ನು ಯಾಕೆ ಆ ಓವನಿನಲ್ಲಿ ಇಟ್ಟದ್ದು ನೀವು?" ಎಂದು ದಬಾಯಿಸಿದರು. ಮಾನ ಕಳೆದುಕೊಳ್ಳಲು ಸಿದ್ಧರಾಗಿ ನಿಂತಿದ್ದ ಕಾಕಾ ಬೈಗುಳ ತಿಂದು ಹಿಗ್ಗಿದ್ದನ್ನು ನೀವು ನೋಡಬೇಕಿತ್ತು.

ಅಮ್ಮ ಬಟ್ಟೆ ಕಟ್ಟುವ ಮಾತು ಮತ್ತೆ ಎತ್ತಲಿಲ್ಲ. ಬದಲಿಗೆ ಮಾಳಿಗೆ ಹತ್ತಿ, ಗುಡಿಸಿ ತಂದು ಮೂಲೆಗೆ ಒಟ್ಟಿದ್ದ ನನ್ನ ರವದಿಯ ಪಾಡು ನೋಡಿ, "ಹರಡುವುದಾ? ಹೆಣೆಯಬೇಕು!" ಎಂದು ಗರಿಗಳನ್ನು ನೀರಿಗೆ ಹಾಕಿ, ಮಡಲು ಹೆಣೆಯುವಂತೆ ಹೆಣೆಯಲು ಕೂತರು. ಕಬ್ಬಿನ ಗರಿ ತೆಂಗಿನ ಮಾತು ಕೇಳುತ್ತದೆಯೇ? ಎಳೆದಲ್ಲೆಲ್ಲ ತುಂಡಾಯಿತು. ನೋಡುತ್ತಿದ್ದ ಕಾಕಾ ಕೈಕಟ್ಟಿ ಎಷ್ಟು ಹೊತ್ತು ಕೂತಾರು? ಎರಡು ಬಿದಿರಿಗೆ ಉಳಿಕೆ ನೂಲಿನ ಹುರಿ ಬಿಗಿದು, ಅದನ್ನೇ ಹಾಸು ಮಾಡಿ, ಅಮ್ಮ ಕೊಟ್ಟ ಗರಿಯ ಹಿಡಿಗಳನ್ನು ಒಂದೊಂದಾಗಿ ಅಡ್ಡಕ್ಕೆ ಹೊಕ್ಕಾಗಿ ತೂರಿಸಿದರು. ಕಾಕು ಅವನ್ನು ಒತ್ತೊತ್ತಾಗಿ ತಳ್ಳಿದರು, ನಾನು ಗಂಟು ಹಾಕಿದೆ. "ಬಿಗಿ ಸಾಲದು" ಎಂದು ಅಮ್ಮ, "ನನಗ ನೇಯೋದು ಕಲಸ್ತೀರೇನ್ರೀ ಅವ್ವಾರ" ಎಂದು ಕಾಕಾ. ಒಲೆಯ ಕಿಡಿ ತಾಗದಂತೆ ಎಚ್ಚರ ಎಂದು ಕಾಕು ಇಬ್ಬರಿಗೂ ಗದರಿದರು. ಆ ಚಾಪೆಗಳನ್ನು ಮಾಳಿಗೆಯ ಮೇಲೆ ಕಲ್ಲಿಟ್ಟು ಕಟ್ಟಿದೆವು. ಸಂಜೆಯ ಗಾಳಿ ಬಂದು ಎಳೆದು ನೋಡಿ ಹೋಯಿತು, ಒಂದು ಗರಿ ಏಳಲಿಲ್ಲ. ಸ್ಲ್ಯಾಬಿನ ಕೋಣೆಯಲ್ಲೂ ಈಗ ಮಧ್ಯಾಹ್ನ ಕೂರಬಹುದು. ಎದುರು ಮನೆಯಾಕೆ ತನಗೂ ಬೇಕೆಂದು ಕಾಕಾನ ಬೆನ್ನು ಹತ್ತಿದ್ದಾಳೆ.

ಉಳಿದ ದಿನಗಳಲ್ಲಿ ಮೂಗಿನ ಸುದ್ದಿಯೇ ಇಲ್ಲ. ಅಮ್ಮ ಹೊರಡುವ ದಿನ ನಾವು ಜಮಖಂಡಿ ಬಸ್‌ಸ್ಟ್ಯಾಂಡಿಗೆ ಹೋದೆವು. ಷರತ್ತು ಅವರ ಬಾಯಿಂದಲೇ ಮುಗಿಯಲಿ ಎಂದು ನಾನು ಕಾದಿದ್ದೆ.

"ಮಗು ಇಲ್ಲಿಯೇ ಇರ್ಲಿ. ಶಾಲೆಗೆ ಹಾಕು" ಎಂದರು.

ಕುಣಿಯುವಷ್ಟು ಸಂತೋಷವಾಯಿತು ನನಗೆ. ಅಮ್ಮನ ಕೈ ಹಿಡಿದುಕೊಂಡು, "ನಿಮಗೆ ಬೇಸರ ಇಲ್ಲ ತಾನೆ? ಅವಳನ್ನು ಕರೆದುಕೊಂಡು ಹೋಗಬೇಕು ಅಂತ ಇತ್ತಲ್ಲ" ಎಂದೆ.

ಅಮ್ಮ ಮಾನ್ಯಳ ಕೂದಲು ಸರಿಮಾಡುತ್ತಿದ್ದರು. ನನ್ನ ಮುಖ ನೋಡದೆಯೇ ಹೇಳಿದರು:

"ಮಗು ಅಲ್ಲಿದ್ರೆ ನೀನೂ ಒಂದು ದಿನ ವಾಪಸು ಬರ್ತಿ ಅಂತ ಇತ್ತು ನಂಗೆ."

ಬಸ್ಸು ಹಾರ್ನ್ ಹಾಕಿತು. ಅಮ್ಮ ಹತ್ತಿ ಕಿಟಕಿಯ ಬಳಿ ಕೂತರು. ಏನಾದರೂ ಹೇಳಬೇಕಲ್ಲ ಎಂದು, "ಮಳೆಗಾಲದಲ್ಲಿ ಊರಿಗೆ ಬರ್ತೇನಮ್ಮ" ಎಂದು ಕೂಗಿದೆ.

"ಹೂಂ. ಬಂದು ಹೋಗು" ಎಂದರು ಅಮ್ಮ.

ಬೇರೆಯವರಿಗೆ ಅಮ್ಮ ಆ ಮಾತು ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ. ನೆಂಟರಿಗೆ, ಮದುವೆಯಾಗಿ ದೂರ ಹೋದ ಅತ್ತೆಯರಿಗೆ. ನನಗೆ ಇಲ್ಲಿಯವರೆಗೆ ಬರೀ "ಬಾ" ಇತ್ತು.